ಗಟ್ಟಿ ರಿವಾಲ್ವರಿನೊಳಗಿನ ಭೌತವಿಜ್ಞಾನ

ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮದ ಪಾಠದಲ್ಲಿ ಈ ಉದಾಹರಣೆ ಬಂದೇ ಬರುತ್ತದೆ. ಆದರೆ ಆ ಒದೆತ ಎಷ್ಟು? ಅದನ್ನು ತಗ್ಗಿಸುವುದು ಹೇಗೆ? ಲೆಕ್ಕ ಹಾಕಲು ನಿಜವಾದ ಒಂದು ಆಯುಧವನ್ನೇ ತೆಗೆದುಕೊಳ್ಳೋಣ.

ಅಮೆರಿಕದ ಸ್ಟರ್ಮ್ ರೂಗರ್ ಕಂಪನಿ 1985ರಲ್ಲಿ 'ಜಿಪಿ 100' ಎಂಬ ರಿವಾಲ್ವರನ್ನು ಹೊರತಂದಿತು. ಅದು ಗಟ್ಟಿಮುಟ್ಟೆಂದು ಹೆಸರಾಯಿತು. ಅದನ್ನು ಇಟ್ಟುಕೊಂಡವರು ಸಾಮಾನ್ಯವಾಗಿ ಹೇಳುವ ದೂರು ಎರಡು: ತೂಕ ಹೆಚ್ಚು, ಟ್ರಿಗರ್ ಬಿಗಿ. ಮೆಚ್ಚುಗೆಯೂ ಎರಡು: ಕೈಗೆ ಪೆಟ್ಟು ಕಡಿಮೆ, ಕೈಕೊಡುವುದು ಅಪರೂಪ. ದೂರಿಗೂ ಮೆಚ್ಚುಗೆಗೂ ಕಾರಣ ಒಂದೇ ಎಂಬುದು ಸ್ವಾರಸ್ಯ.

ತೂಕ ಮತ್ತು ಒದೆತ

4 ಅಂಗುಲ ನಳಿಗೆಯ ಜಿಪಿ 100ರ ತೂಕ ಸುಮಾರು 1.13 ಕಿಲೋಗ್ರಾಂ. ಅದರ '.357 ಮ್ಯಾಗ್ನಮ್' ತೋಟಾದಿಂದ 10.2 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 375 ಮೀಟರ್ ವೇಗದಲ್ಲಿ ಹೊರಡುತ್ತದೆ ಎನ್ನಿ. ಗುಂಡಿನ ಸಂವೇಗ 0.0102 × 375, ಅಂದರೆ ಸುಮಾರು 3.8 ಮಾನ. ಸಂವೇಗ ಸಂರಕ್ಷಣೆಯಂತೆ ರಿವಾಲ್ವರಿಗೂ ಅಷ್ಟೇ ಸಂವೇಗ ವಿರುದ್ಧ ದಿಕ್ಕಿನಲ್ಲಿ ಸಿಗಬೇಕು. ಆದ್ದರಿಂದ ಅದು ಸೆಕೆಂಡಿಗೆ ಸುಮಾರು 3.4 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಅದರ ಚಲನಶಕ್ತಿ ಸುಮಾರು 6.5 ಜೂಲ್. ಗುಂಡಿನದು ಸುಮಾರು 717 ಜೂಲ್! ಸಂವೇಗ ಸಮವಾದರೂ ಶಕ್ತಿ ಸಮವಲ್ಲ ಎಂಬುದನ್ನು ಗಮನಿಸಿ. (ಹೊರನುಗ್ಗುವ ಅನಿಲವನ್ನೂ ಸೇರಿಸಿದರೆ ಒದೆತ ಇನ್ನಷ್ಟು ಹೆಚ್ಚು.)

ಅದೇ ಗುಂಡನ್ನು ಅದೇ ವೇಗದಲ್ಲಿ ಅರ್ಧ ತೂಕದ ರಿವಾಲ್ವರಿನಿಂದ ಹಾರಿಸಿದರೆ? ಹಿಂದೆ ಸರಿಯುವ ವೇಗ ಎರಡರಷ್ಟಾಗುತ್ತದೆ. ಕೈ ತಡೆದುಕೊಳ್ಳಬೇಕಾದ ಶಕ್ತಿ 13 ಜೂಲ್ ಆಗುತ್ತದೆ. ಸೊಂಟಕ್ಕೆ ಭಾರವೆನಿಸಿದ ಉಕ್ಕೇ ಮಣಿಕಟ್ಟನ್ನು ಕಾಯುತ್ತದೆ.

ಬಿಗಿ ಟ್ರಿಗರ್ ಏಕೆ?

ಹಳೆಯ ರಿವಾಲ್ವರುಗಳಲ್ಲಿ ಪ್ರತಿಸಲವೂ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕಿತ್ತು. ಟ್ರಿಗರ್ ಎಳೆತವೊಂದರಿಂದಲೇ ಸುತ್ತಿಗೆ ಮೇಲೆದ್ದು ಬೀಳುವ ರಿವಾಲ್ವರನ್ನು ಲಂಡನ್ನಿನ ರಾಬರ್ಟ್ ಆಡಮ್ಸ್ 1851ರಲ್ಲಿ ತಯಾರಿಸಿದ. ಇಂದಿನ 'ಡಬಲ್ ಆ್ಯಕ್ಷನ್' ರಿವಾಲ್ವರಿನಲ್ಲಿ ಎರಡು ವಿಧಾನವೂ ಸಾಧ್ಯ. ಸುತ್ತಿಗೆಯನ್ನು ಮೊದಲೇ ಎಳೆದಿಟ್ಟರೆ ಟ್ರಿಗರಿಗೆ ಸುಮಾರು 20 ನ್ಯೂಟನ್ ಬಲ ಸಾಕು. ಇಲ್ಲದಿದ್ದರೆ ಬೆರಳೇ ಸಿಲಿಂಡರನ್ನು ತಿರುಗಿಸಿ, ಸ್ಪ್ರಿಂಗನ್ನು ಅದುಮಿ, ಸುತ್ತಿಗೆಯನ್ನು ಬಿಡುಗಡೆ ಮಾಡಬೇಕು. ಆಗ ಸುಮಾರು 50 ನ್ಯೂಟನ್ ಬೇಕು. ಬಳಸಿದಂತೆಲ್ಲ ಉಜ್ಜುವ ಮೈಗಳು ನುಣುಪಾಗಿ ಘರ್ಷಣೆ ತುಸು ತಗ್ಗುತ್ತದೆ.

ಕೆಲವರಿಗೆ ಅದು ಸಾಲದು. ಮೆದುವಾದ ಸ್ಪ್ರಿಂಗ್ ಹಾಕಿಸುತ್ತಾರೆ. ಬೆರಳಿಗೆ ಹಾಯೆನಿಸುತ್ತದೆ, ಆದರೆ ಸ್ಪ್ರಿಂಗಿನಲ್ಲಿ ಕೂಡಿಡುವ ಪ್ರಚ್ಛನ್ನ ಶಕ್ತಿ ಕಡಿಮೆಯಾದಷ್ಟೂ ಸುತ್ತಿಗೆಯ ಪೆಟ್ಟು ದುರ್ಬಲ. ತೋಟಾದ ತಳದಲ್ಲಿರುವ, ಬಡಿತಕ್ಕೆ ಹೊತ್ತಿಕೊಳ್ಳುವ ಪ್ರೈಮರ್ ಹೊತ್ತದೇ 'ಟಿಕ್' ಶಬ್ದವಷ್ಟೇ ಕೇಳಬಹುದು. ಅಂಥ ತೋಟಾ ತಡವಾಗಿ ಸಿಡಿಯುವ ಅಪಾಯವೂ ಇದೆ.

ಬಿದ್ದರೂ ಸಿಡಿಯದಂತೆ

ಹಳೆಯ ಅನೇಕ ರಿವಾಲ್ವರುಗಳಲ್ಲಿ ಇಳಿದ ಸುತ್ತಿಗೆಯ ತುದಿ ನೇರವಾಗಿ ಪ್ರೈಮರಿನ ಮೇಲೇ ಕೂತಿರುತ್ತಿತ್ತು. ಕೈಜಾರಿ ಬಿದ್ದು ಸುತ್ತಿಗೆಗೆ ಪೆಟ್ಟು ತಗುಲಿದರೆ ಗುಂಡು ಹಾರುತ್ತಿತ್ತು. ಆದ್ದರಿಂದ ಆರು ಕೋಣೆಗಳಲ್ಲಿ ಐದನ್ನು ಮಾತ್ರ ತುಂಬಿ, ಸುತ್ತಿಗೆಯ ಕೆಳಗಿನದನ್ನು ಖಾಲಿ ಬಿಡುವ ರೂಢಿ ಬಂತು.

ಇದಕ್ಕೆ ಪರಿಹಾರ 'ಟ್ರಾನ್ಸ್‌ಫರ್ ಬಾರ್' ಎಂಬ ಚಿಕ್ಕ ಉಕ್ಕಿನ ಪಟ್ಟಿ. ಐವರ್ ಜಾನ್ಸನ್ ಕಂಪನಿ 1890ರ ದಶಕದಲ್ಲೇ ಇದನ್ನು ಬಳಸಿತ್ತು. ಜಿಪಿ 100ರಲ್ಲೂ ಇದಿದೆ. ಇಲ್ಲಿ ಸುತ್ತಿಗೆ ಫೈರಿಂಗ್ ಪಿನ್ನನ್ನು ನೇರವಾಗಿ ಮುಟ್ಟಲಾರದು. ಚೌಕಟ್ಟಿಗೆ ಒರಗಿ ನಿಲ್ಲುತ್ತದೆ. ಟ್ರಿಗರನ್ನು ಪೂರ್ತಿ ಎಳೆದಾಗ ಮಾತ್ರ ಪಟ್ಟಿ ಮೇಲೇರಿ ಇವೆರಡರ ನಡುವೆ ನಿಲ್ಲುತ್ತದೆ. ಸಾಲಾಗಿ ತಾಗಿಸಿಟ್ಟ ಕೇರಂ ಬಿಲ್ಲೆಗಳ ಒಂದು ತುದಿಗೆ ಹೊಡೆದರೆ ಇನ್ನೊಂದು ತುದಿಯದು ಜಿಗಿಯುವಂತೆ, ಸುತ್ತಿಗೆಯ ಪೆಟ್ಟು ಪಟ್ಟಿಯ ಮೂಲಕ ಪಿನ್ನಿಗೆ ದಾಟುತ್ತದೆ. ನಡುವಣ ಬಿಲ್ಲೆ ಇಲ್ಲದಿದ್ದರೆ ಪೆಟ್ಟು ತಲುಪದು.

3 ಮಿಲಿಮೀಟರಿನ ಎಚ್ಚರಿಕೆ

ಅಭ್ಯಾಸಕ್ಕೆ ಅನೇಕರು ಇದರಲ್ಲೇ '.38 ಸ್ಪೆಷಲ್' ತೋಟಾ ಬಳಸುತ್ತಾರೆ. ಹೆಸರು ಬೇರೆಯಾದರೂ ಎರಡರ ಗುಂಡಿನ ವ್ಯಾಸ ಬಹುಮಟ್ಟಿಗೆ ಒಂದೇ. .38ರಿಂದ ಹೊರಟ ಅಷ್ಟೇ ತೂಕದ ಗುಂಡಿನ ವೇಗ ಸೆಕೆಂಡಿಗೆ 230 ಮೀಟರ್ ಇದ್ದರೆ ಒದೆತದ ಶಕ್ತಿ ಎಷ್ಟಾಗುತ್ತದೆ? ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ, ಸುಮಾರು 2.4 ಜೂಲ್ ಬರಬೇಕು.

ಆದರೆ .357 ತೋಟಾವನ್ನು .38ರ ರಿವಾಲ್ವರಿಗೆ ಹಾಕಬಾರದು. .357ಕ್ಕೆ ಅನುಮತಿಸಿದ ಗರಿಷ್ಠ ಒತ್ತಡ .38ರದ್ದಕ್ಕಿಂತ ಎರಡರಷ್ಟಕ್ಕೂ ಹೆಚ್ಚು. ಕಣ್ತಪ್ಪಿನಿಂದಲೂ ಹಾಗಾಗದಿರಲೆಂದೇ .357ರ ಕೋಶವನ್ನು ಸುಮಾರು 3 ಮಿಲಿಮೀಟರ್ ಉದ್ದ ಮಾಡಲಾಗಿದೆ. ಗಿಡ್ಡ .38 ತೋಟಾಗಳನ್ನೇ ಹಾರಿಸುತ್ತಿದ್ದರೆ ಕೋಣೆಯೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ತೆಗೆಯದೆ ಉದ್ದನೆಯ ತೋಟಾ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಶುಚಿ ಬೇಕು.

ತೂಕ ಇಳಿಸಿದರೆ ಒದೆತ ಏರುತ್ತದೆ. ಸ್ಪ್ರಿಂಗ್ ಮೆದುವಾದರೆ ಭರವಸೆ ಕುಗ್ಗುತ್ತದೆ. ಯಾವ ಯಂತ್ರದಲ್ಲೂ ಸೌಕರ್ಯ ಪುಕ್ಕಟೆ ಸಿಗದು. ಇನ್ನೊಂದು ಮಾತು: ಪಟ್ಟಿ ತಡೆಯುವುದು ಆಕಸ್ಮಿಕದ ಪೆಟ್ಟನ್ನು ಮಾತ್ರ. ಬೆರಳು ಟ್ರಿಗರ್ ಎಳೆದ ಮೇಲೆ ಆ 717 ಜೂಲನ್ನು ಹಿಂದಕ್ಕೆ ಕರೆಯುವ ಯಾವ ಸಾಧನವೂ ಅದರೊಳಗಿಲ್ಲ.