ಕೈಯ ನೋವಿಗೆ ಕೊರಳ ಬುಡದಲ್ಲಿ ಕಾರಣ

ಕರಿಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ಸಾಕು, ಒಂದೆರಡು ನಿಮಿಷಗಳಲ್ಲಿ ತೋಳು ಭಾರವಾಗುತ್ತದೆ. ಕಿರುಬೆರಳು, ಉಂಗುರಬೆರಳುಗಳಿಗೆ ಜೋಮು ಹಿಡಿಯುತ್ತದೆ. ಪರೀಕ್ಷೆಯಲ್ಲಿ ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಪೆನ್ನು ಹಿಡಿತ ತಪ್ಪುತ್ತದೆ. ಹೊರನೋಟಕ್ಕೆ ಕೈಯಲ್ಲಿ ಗಾಯವಿಲ್ಲ, ಊತವಿಲ್ಲ. ಆದ್ದರಿಂದ 'ಬರೆಯಲು ಬೇಸರ, ಅದಕ್ಕೇ ಈ ನೆಪ' ಎಂದು ಸುತ್ತಲಿನವರು ಹೇಳಿಬಿಡುತ್ತಾರೆ. ಆದರೆ ವಿದ್ಯಾರ್ಥಿ ಮಿತ್ರರೇ, ಈ ನೋವು ನಿಜವೇ ಆಗಿರಬಹುದು. ಅದರ ಮೂಲ ಕೈಯಲ್ಲಿರದೆ ಕೊರಳ ಬುಡದಲ್ಲಿರಬಹುದು. ಇಂತಹ ತೊಂದರೆಗೆ ವೈದ್ಯರು ಕೊಟ್ಟ ಹೆಸರು 'ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್'. ಈ ಹೆಸರು ವೈದ್ಯಕೀಯ ಬಳಕೆಗೆ ಬಂದದ್ದು 1956ರಲ್ಲಿ.

ತೊಂದರೆ ಎಲ್ಲಿ?

ನಿಮ್ಮ ಕೊರಳೆಲುಬಿನ ಮೇಲೆ ಬೆರಳಿಟ್ಟು ನೋಡಿ. ಅದಕ್ಕೂ ಅದರ ಹಿಂದಿನ ಮೊದಲ ಪಕ್ಕೆಲುಬಿಗೂ ನಡುವೆ ಒಂದು ಇಕ್ಕಟ್ಟಾದ ದಾರಿಯಿದೆ. ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಜಾಲ, ಕೈಗೆ ರಕ್ತ ಒಯ್ಯುವ ಅಪಧಮನಿ, ಅದನ್ನು ಮರಳಿ ತರುವ ಅಭಿಧಮನಿ, ಇವೆಲ್ಲ ಹಾದುಹೋಗುವುದು ಇಲ್ಲಿಯೇ. ಈ ದಾರಿ ಕಿರಿದಾದರೆ ಇವುಗಳಲ್ಲಿ ಯಾವುದಾದರೂ ಒತ್ತಡಕ್ಕೆ ಸಿಕ್ಕುತ್ತದೆ.

ಕೆಲವರಿಗೆ ಹುಟ್ಟಿನಿಂದಲೇ ಕತ್ತಿನಲ್ಲಿ ಒಂದು ಹೆಚ್ಚುವರಿ ಪಕ್ಕೆಲುಬು ಇರುತ್ತದೆ. ಸುಮಾರು ನೂರಕ್ಕೆ ಒಬ್ಬರಲ್ಲಿ ಅಥವಾ ಅದಕ್ಕೂ ಕಡಿಮೆ ಜನರಲ್ಲಿ ಇದು ಕಂಡುಬರುತ್ತದೆ. ಅವರಲ್ಲಿ ಬಹುಮಂದಿಗೆ ಅದರಿಂದ ಯಾವ ಬಾಧೆಯೂ ಇಲ್ಲ. ಅಪಘಾತದಲ್ಲಿ ಕತ್ತಿಗೆ ಬಿದ್ದ ಪೆಟ್ಟು, ತಲೆಯ ಮೇಲೆ ಕೈ ಎತ್ತಿ ಮತ್ತೆ ಮತ್ತೆ ಮಾಡುವ ಕೆಲಸ, ವಾಲಿಬಾಲ್, ಈಜು ಮುಂತಾದ ಆಟಗಳ ಅತಿಯಾದ ಅಭ್ಯಾಸ, ಇವೂ ಕಾರಣವಾಗಬಹುದು.

ಮೂರು ಬಗೆ

ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಒತ್ತಡ ಬೀಳುವುದು ನರಗಳ ಮೇಲೆ. ನೋವು, ಜೋಮು, ಹಿಡಿತದ ಬಲ ಕುಗ್ಗುವುದು ಇದರ ಲಕ್ಷಣಗಳು. ಎರಡನೆಯ ಬಗೆಯಲ್ಲಿ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ತೋಳು ಏಕಾಏಕಿ ಊದಿ ನೀಲಿಯಾಗುತ್ತದೆ. ಮೂರನೆಯದು ಅತಿ ವಿರಳ. ಅಪಧಮನಿಗೆ ತೊಂದರೆಯಾಗಿ ಕೈ ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ. ಕೊನೆಯ ಎರಡು ಬಗೆಗಳಲ್ಲಿ ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಯಾವುದೇ ಒಂದು ಪರೀಕ್ಷೆಯಿಂದ ಈ ತೊಂದರೆಯನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಎರಡೂ ಕೈಗಳನ್ನು ಮೇಲೆತ್ತಿ ಮೂರು ನಿಮಿಷ ಮುಷ್ಟಿ ಬಿಗಿದು ಸಡಿಲಿಸಲು ವೈದ್ಯರು ಹೇಳಬಹುದು. ಎಕ್ಸ್‌ರೇ, ನರಗಳ ಪರೀಕ್ಷೆ, ರಕ್ತನಾಳಗಳ ಸ್ಕ್ಯಾನ್ ನಡೆಸಬಹುದು. ಕತ್ತಿನ ಡಿಸ್ಕ್ ಜಾರಿದಾಗಲೂ ಮಣಿಕಟ್ಟಿನಲ್ಲಿ ನರ ಒತ್ತಿಹೋದಾಗಲೂ ಇಂತಹುದೇ ಲಕ್ಷಣಗಳಿರುವುದರಿಂದ ಅವನ್ನೂ ಪರಿಶೀಲಿಸಬೇಕಾಗುತ್ತದೆ.

ದಿನನಿತ್ಯದ ಬದುಕು

ನರಗಳ ತೊಂದರೆಗೆ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯಲ್ಲ, ಫಿಸಿಯೋಥೆರಪಿ. ತಿಂಗಳುಗಟ್ಟಲೆ ತಾಳ್ಮೆಯಿಂದ ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ. ಇನ್ನೊಬ್ಬರಿಗೆ ಹೇಳಿದ ವ್ಯಾಯಾಮವನ್ನು ನೀವು ಅನುಸರಿಸಬೇಡಿ. ಭಾರವಾದ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಬೇಡಿ. ಮೊಣಕೈಗೆ ಆಸರೆ ಸಿಗುವಂತೆ ಕುಳಿತು ಬರೆಯಿರಿ. ನಡುನಡುವೆ ಕೈಗೆ ವಿರಾಮ ಕೊಡಿ. ತಲೆಯ ಮೇಲೆ ಕೈ ಇಟ್ಟು ಮಲಗಬೇಡಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಬೇಕೆನಿಸಿದರೆ ವೈದ್ಯರ ಪತ್ರದೊಡನೆ ಮುಖ್ಯೋಪಾಧ್ಯಾಯರನ್ನೋ ಪ್ರಾಂಶುಪಾಲರನ್ನೋ ಸಾಕಷ್ಟು ಮುಂಚಿತವಾಗಿಯೇ ಕಾಣಿರಿ.

ಶಸ್ತ್ರಚಿಕಿತ್ಸೆಗೆ ಸಿದ್ಧತೆ

ಈ ಚಿಕಿತ್ಸೆಯಿಂದ ಗುಣ ಕಾಣದಿದ್ದಾಗ, ಕೈಯ ಸ್ನಾಯುಗಳು ಸೊರಗತೊಡಗಿದಾಗ ಅಥವಾ ರಕ್ತನಾಳಕ್ಕೆ ಅಪಾಯವಿದ್ದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕಂಕುಳಿನ ಮೂಲಕ ಅಥವಾ ಕೊರಳೆಲುಬಿನ ಮೇಲ್ಭಾಗದಿಂದ ಮೊದಲ ಪಕ್ಕೆಲುಬನ್ನು ತೆಗೆದು, ಬಿಗಿದ ಸ್ನಾಯುವನ್ನು ಬಿಡಿಸಿ ದಾರಿಯನ್ನು ಅಗಲಗೊಳಿಸುತ್ತಾರೆ. ಕಂಕುಳಿನ ವಿಧಾನವನ್ನು ಅಮೆರಿಕದ ಶಸ್ತ್ರವೈದ್ಯ ಡೇವಿಡ್ ರೂಸ್ 1966ರಲ್ಲಿ ಪ್ರಕಟಿಸಿದರು.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ತಂದೆತಾಯಿಯರೊಡನೆ ಕುಳಿತು ವೈದ್ಯರನ್ನು ಕೇಳಿ: ಯಾವ ವಿಧಾನ? ಇಂತಹ ಶಸ್ತ್ರಚಿಕಿತ್ಸೆಯ ಅನುಭವ ಎಷ್ಟಿದೆ? ನೋವು ಎಷ್ಟರಮಟ್ಟಿಗೆ ಇಳಿಯಬಹುದು? ರಕ್ತಸ್ರಾವ, ನರಗಳಿಗೆ ಪೆಟ್ಟು, ಶ್ವಾಸಕೋಶದ ಸುತ್ತ ಗಾಳಿ ಸೇರುವುದು ಮುಂತಾದ ಅಪಾಯಗಳಿವೆ; ಎಲ್ಲರ ನೋವೂ ಪೂರ್ತಿ ಮಾಯವಾಗುವುದಿಲ್ಲ. ಇದನ್ನು ತಿಳಿದು ಒಪ್ಪುವುದು ಒಳ್ಳೆಯದು.

ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಕೊಡಿ. ರಕ್ತ ತೆಳುವಾಗಿಸುವ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಜ್ವರ, ಕೆಮ್ಮು ಬಂದಿದ್ದರೆ ಮುಚ್ಚಿಡಬೇಡಿ. ಅರಿವಳಿಕೆಗೆ ಮುನ್ನ ಎಷ್ಟು ಹೊತ್ತು ಉಪವಾಸವಿರಬೇಕೆಂದು ಕೇಳಿ, ಹಾಗೆಯೇ ನಡೆಯಿರಿ. ಮುಂದೆ ಗುಂಡಿಯಿರುವ ಸಡಿಲ ಅಂಗಿಗಳನ್ನು ತೆಗೆದಿಡಿ. ಬೇಕಾದ ಪುಸ್ತಕ, ಬಟ್ಟೆಗಳನ್ನು ಹೆಗಲಿಗಿಂತ ಕೆಳಗಿನ ಕಪಾಟಿಗೆ ಇಳಿಸಿ. ಹಲ್ಲುಜ್ಜುವುದು, ಊಟ ಮಾಡುವುದನ್ನು ಇನ್ನೊಂದು ಕೈಯಿಂದ ಮೊದಲೇ ರೂಢಿಸಿಕೊಳ್ಳಿ. ಅನಂತರ ಹಲವು ವಾರ ಭಾರ ಎತ್ತುವಂತಿಲ್ಲ. ನರಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ತುರ್ತಿಲ್ಲದಿದ್ದರೆ ವಾರ್ಷಿಕ ಪರೀಕ್ಷೆಯ ದಿನಾಂಕ ನೋಡಿಕೊಂಡು ದಿನ ಗೊತ್ತುಮಾಡಿ.

ಯಾವ ಕೆಲಸ ಮಾಡುವಾಗ, ಯಾವ ಬೆರಳಿನಲ್ಲಿ, ಎಷ್ಟು ಹೊತ್ತು ನೋವಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವೈದ್ಯರಿಗೆ ಅದು ದಾರಿ ತೋರುತ್ತದೆ. ನಿಮ್ಮ ಗೆಳೆಯನೋ ಗೆಳತಿಯೋ ಕೈ ನೋವೆಂದು ಪೆನ್ನು ಕೆಳಗಿಟ್ಟರೆ, ನೆಪವೆಂದು ನಗುವ ಮುನ್ನ ಎಲ್ಲಿ ನೋವು ಎಂದು ಒಮ್ಮೆ ಕೇಳಿ.