ತೇಲುವ ಸೇತುವೆಯೂ ಅದರ ಪ್ರತಿಕೃತಿಯೂ

ಸೇತುವೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಹೊಳೆಯ ತಳದಿಂದ ಎದ್ದು ನಿಂತ ಕಲ್ಲುಕಂಬಗಳ ಸಾಲು. ಅಂಥ ಕಂಬಗಳನ್ನು ಎಬ್ಬಿಸಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ಯುದ್ಧಕ್ಕೆ ಹೊರಟ ದಂಡು ಅಷ್ಟು ಕಾಲ ದಡದಲ್ಲಿ ಕಾದು ಕುಳಿತಿರಲಾರದು. ಆದುದರಿಂದ ಕಂಬಗಳಿಗೆ ಬದಲಾಗಿ ದೋಣಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಹಾದಿಯನ್ನು ಹಾಸುವ ಉಪಾಯವನ್ನು ಮಾನವನು ಬಹು ಹಿಂದೆಯೇ ಕಂಡುಕೊಂಡನು. ಕ್ರಿ. ಪೂ. 480ರಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸಿಸನು ಹೆಲೆಸ್ಪಾಂಟ್ ಜಲಸಂಧಿಗೆ ಇಂಥ ಎರಡು ಸೇತುವೆಗಳನ್ನು ಕಟ್ಟಿಸಿದನೆಂದೂ, ಒಂದಕ್ಕೆ 360, ಇನ್ನೊಂದಕ್ಕೆ 314 ಹಡಗುಗಳು ಬೇಕಾದುವೆಂದೂ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ. ಎರಡನೆಯ ಮಹಾಯುದ್ಧದಲ್ಲಿ, 1944ರ ಡಿಸೆಂಬರಿನಲ್ಲಿ, ಬರ್ಮಾದ ಕಲೇವಾ ಎಂಬಲ್ಲಿ ಚಿಂದ್ವಿನ್ ನದಿಗೆ 14ನೆಯ ಸೈನ್ಯದವರು ಕಟ್ಟಿದ ತೇಲುಸೇತುವೆಯ ಉದ್ದ 1,154 ಅಡಿ.

ಚಿಂದ್ವಿನ್ ನದಿಯ ಈ ಸೇತುವೆ ಬೈಲಿ ಸೇತುವೆಯ ಜಾತಿಗೆ ಸೇರಿದುದು. ಬ್ರಿಟಿಷ್ ಇಂಜಿನಿಯರ್ ಡೊನಾಲ್ಡ್ ಬೈಲಿಯು ಅದೇ ಯುದ್ಧಕಾಲದಲ್ಲಿ ಇದನ್ನು ರೂಪಿಸಿದನು. ಇದರ ಮೂಲಘಟಕ 10 ಅಡಿ ಉದ್ದ, 5 ಅಡಿ ಎತ್ತರದ ಒಂದು ಉಕ್ಕಿನ ಚೌಕಟ್ಟು. ತೂಕ ಸುಮಾರು 260 ಕಿಲೋಗ್ರಾಂ. ಆರು ಮಂದಿ ಸೈನಿಕರು ಹೊತ್ತೊಯ್ಯಬಹುದು. ಚೌಕಟ್ಟಿನ ತುದಿಗೆ ಚೌಕಟ್ಟನ್ನಿಟ್ಟು, ಮೇಲೊಂದು ಕೆಳಗೊಂದು ಗೂಟವನ್ನು ತೂರಿಸಿದರೆ ಬೇಕಾದಷ್ಟು ಉದ್ದದ ತೊಲೆ ಸಿದ್ಧವಾಗುತ್ತದೆ. ಇಂಥ ಎರಡು ತೊಲೆಗಳ ನಡುವೆ ಹಾದಿ, ಅವುಗಳ ಕೆಳಗೆ ದೋಣಿಗಳು.

ಇದರ ಪ್ರತಿಕೃತಿಯೊಂದನ್ನು ನಮ್ಮ ಕೈಯಿಂದಲೇ ಕಟ್ಟುವೆವೆಂದು ಭಾವಿಸೋಣ. ಕಪಾಟಿನಲ್ಲಿಟ್ಟು ನೋಡುವುದಕ್ಕಾದರೆ ಆಕಾರ ಹೊಂದಿದರೆ ಸಾಕು. ಆದರೆ ಅದನ್ನು ನೀರಿನ ಮೇಲೆ ತೇಲಬಿಟ್ಟು, 'ಈ ಸೇತುವೆಯ ಮೇಲೆ ಟ್ಯಾಂಕು ದಾಟಬಹುದೆ?' ಎಂದು ಕೇಳಿದರೆ ಅದು ನಿಜವಾದ ಉತ್ತರವನ್ನು ಕೊಡಬೇಕು. ಆಕಾರದಲ್ಲಿ ಮಾತ್ರ ಹೋಲುವ ಪ್ರತಿಕೃತಿ ಇಲ್ಲಿ ಸುಳ್ಳುಸಾಕ್ಷಿಯಾಗುತ್ತದೆ. ಅದು ಹೇಗೆಂಬುದನ್ನು ನೋಡೋಣ.

ನಮ್ಮ ಅಳತೆ ಐವತ್ತಕ್ಕೆ ಒಂದು ಎಂದಿರಲಿ. ಆಗ ಚೌಕಟ್ಟಿನ ಉದ್ದ 6.1, ಎತ್ತರ 3.05 ಸೆಂಟಿಮೀಟರ್. ಉದ್ದವು ಐವತ್ತರಲ್ಲಿ ಒಂದು ಪಾಲಾದರೆ ಗಾತ್ರವು 50 × 50 × 50, ಎಂದರೆ 1,25,000ದಲ್ಲಿ ಒಂದು ಪಾಲಾಗುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆಂಬ ಆರ್ಕಿಮಿಡೀಸನ ತತ್ತ್ವ ವಾಚಕರಿಗೆ ತಿಳಿದೇ ಇದೆ. ಆದುದರಿಂದ ಪ್ರತಿಕೃತಿಯ ಪ್ರತಿಯೊಂದು ತೂಕವನ್ನೂ ಇದೇ 1,25,000ದಿಂದ ಭಾಗಿಸಿದರೆ, ಅದು ನೀರಿನಲ್ಲಿ ಇಳಿಯುವ ಆಳವೂ ತಾನಾಗಿ ಐವತ್ತರಲ್ಲಿ ಒಂದಾಗುತ್ತದೆ. ಆ ಯುದ್ಧದಲ್ಲಿ ಬಳಕೆಯಲ್ಲಿದ್ದ ಷರ್ಮನ್ ಟ್ಯಾಂಕಿನ ತೂಕ ಸುಮಾರು 30 ಟನ್. ನಮ್ಮ ಟ್ಯಾಂಕು 240 ಗ್ರಾಂ ತೂಗಬೇಕು. ರಟ್ಟಿನ ಪೊಳ್ಳು ಟ್ಯಾಂಕು ಇಷ್ಟು ತೂಗುವುದಿಲ್ಲವಾದುದರಿಂದ ಅದರ ಹೊಟ್ಟೆಗೆ ಸೀಸದ ಗುಂಡುಗಳನ್ನು ತುಂಬಿ ತಕ್ಕಡಿಯಲ್ಲಿ ತೂಗಿ ನೋಡಬೇಕು.

ಇನ್ನು ದೋಣಿ. ಲೆಕ್ಕ ಸುಲಭವಾಗಲೆಂದು ಅದನ್ನು 12 ಮೀಟರ್ ಉದ್ದ, 1.75 ಮೀಟರ್ ಅಗಲ, 0.8 ಮೀಟರ್ ಆಳದ ಪೆಟ್ಟಿಗೆಯೆಂದು ಹಿಡಿಯೋಣ. ಪ್ರತಿಕೃತಿಯಲ್ಲಿ ಇದು 24 × 3.5 × 1.6 ಸೆಂಟಿಮೀಟರ್ ಆಗುತ್ತದೆ. ತಳದ ವಿಸ್ತೀರ್ಣ 84 ಚದರ ಸೆಂಟಿಮೀಟರ್; ಎಂದರೆ 84 ಗ್ರಾಂ ಹೊರಿಸಿದರೆ ದೋಣಿ 1 ಸೆಂಟಿಮೀಟರ್ ಇಳಿಯುತ್ತದೆ. ದೋಣಿಯ ಸ್ವಂತ ತೂಕವೂ ಅದರ ಪಾಲಿಗೆ ಬರುವ ಸೇತುವೆಯ ತೂಕವೂ ಸೇರಿ 48 ಗ್ರಾಂ (ನೈಜದಲ್ಲಿ 6 ಟನ್) ಇರಲಿ. ಅಷ್ಟಕ್ಕೇ 5.7 ಮಿಲಿಮೀಟರ್ ಮುಳುಗಿರುತ್ತದೆ. ಈಗ ಟ್ಯಾಂಕಿನ 240 ಗ್ರಾಂ ಪೂರ್ತಿಯಾಗಿ ಆ ಒಂದೇ ದೋಣಿಯ ಮೇಲೆ ಬಿದ್ದರೆ ಒಟ್ಟು 288 ಗ್ರಾಂ. ದೋಣಿ ತಡೆಯಬಲ್ಲುದು ಹೆಚ್ಚೆಂದರೆ 134 ಗ್ರಾಂ. ಅದು ಮುಳುಗಲೇಬೇಕು!

ಹಾಗಿದ್ದರೂ ನೈಜ ಸೇತುವೆಗಳ ಮೇಲೆ ಟ್ಯಾಂಕುಗಳು ದಾಟಿದುವಷ್ಟೆ. ಇದರ ಗುಟ್ಟು ತೊಲೆಯಲ್ಲಿದೆ. ಹೊರೆ ಒಂದೆಡೆ ಕೂತಾಗ ತೊಲೆಯು ತುಸುವೇ ಬಾಗಿ, ನೆರೆಯ ದೋಣಿಗಳನ್ನೂ ತನ್ನೊಡನೆ ಕೆಳಕ್ಕೆ ಒತ್ತುತ್ತದೆ. ಹೀಗೆ ಹೊರೆ ಹಂಚಿಹೋಗುತ್ತದೆ. ಮೂರು ದೋಣಿಗಳು ಸಮನಾಗಿ ಹಂಚಿಕೊಂಡರೆ ಪ್ರತಿಯೊಂದೂ ಒಟ್ಟು 15.2 ಮಿಲಿಮೀಟರ್ ಇಳಿಯುತ್ತದೆ. ಅಂಚಿಗೆ ಉಳಿಯುವುದು 1 ಮಿಲಿಮೀಟರಿಗಿಂತ ಕಡಿಮೆ. ನೈಜ ನದಿಯಲ್ಲಿ ಇದು 4 ಸೆಂಟಿಮೀಟರ್ ಮಾತ್ರ. ಒಂದು ಸಣ್ಣ ಅಲೆ ಬಂದರೂ ಅಪಾಯ. ನಾಲ್ಕು ದೋಣಿಗಳಾದರೆ ಸುಮಾರು 16 ಸೆಂಟಿಮೀಟರ್ ಉಳಿಯುತ್ತದೆ. ಟ್ಯಾಂಕಿನೊಳಗಿರುವವರ ಪ್ರಾಣವು ದೋಣಿ ಎಷ್ಟು ದೊಡ್ಡದೆಂಬುದನ್ನು ಮಾತ್ರವಲ್ಲ, ತೊಲೆಯು ಎಷ್ಟು ದೋಣಿಗಳನ್ನು ಕೆಲಸಕ್ಕೆ ಕರೆಯುತ್ತದೆಂಬುದನ್ನೂ ಅವಲಂಬಿಸಿದೆ.

ಪ್ರತಿಕೃತಿಯು ಸುಳ್ಳು ಹೇಳುವುದು ಇಲ್ಲಿಯೇ. ನೈಜ ತೊಲೆ ಉಕ್ಕಿನದೆಂದು ನಾವೂ ಲೋಹದಿಂದಲೇ ತೊಲೆ ಮಾಡಿದರೆ ಏನಾಗುತ್ತದೆ? ಹೊರೆಯು 1,25,000ದಲ್ಲಿ ಒಂದಾಗುತ್ತದೆ. ಅದನ್ನು ತಡೆಯುವ ಲೋಹದ ಅಡ್ಡಕೊಯ್ತದ ವಿಸ್ತೀರ್ಣವಾದರೋ 2,500ರಲ್ಲಿ ಒಂದೇ ಆಗುತ್ತದೆ. ಎಂದರೆ ಕಿರಿದಾದ ತೊಲೆಯು ತನ್ನ ಹೊರೆಗೆ ಹೋಲಿಸಿದರೆ ಐವತ್ತು ಪಟ್ಟು ಬಿರುಸಾಗಿರುತ್ತದೆ. ಅದು ಬಾಗದೆ, ಎಲ್ಲ ದೋಣಿಗಳಿಗೂ ಹೊರೆಯನ್ನು ಹೆಚ್ಚು ಕಡಿಮೆ ಸಮನಾಗಿ ಹಂಚಿಬಿಡುತ್ತದೆ. ಸೇತುವೆ ಇರುವುದಕ್ಕಿಂತ ಕ್ಷೇಮವೆಂದು ತೋರುತ್ತದೆ. ಈ ಮೋಸವನ್ನು ತಪ್ಪಿಸಲು ಉಕ್ಕಿಗಿಂತ ಐವತ್ತು ಪಟ್ಟು ಮಣಿಯುವ ವಸ್ತು ಬೇಕು. ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪಾಸ್ಕಲ್. ಐವತ್ತರಿಂದ ಭಾಗಿಸಿದರೆ 4. ಹಿತ್ತಾಳೆಯದು ಸುಮಾರು 100; ಅದು ಆಗದು. ಪ್ರತಿಕೃತಿಕಾರರು ಬಳಸುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನದು ಸುಮಾರು 3. ಇದೇ ನಮಗೆ ತಕ್ಕುದು. ಹೊಳೆಯುವ ಹಿತ್ತಾಳೆಯ ಸೇತುವೆಗಿಂತ ಬಡ ಪ್ಲಾಸ್ಟಿಕ್ ಸೇತುವೆ ಹೆಚ್ಚು ಸತ್ಯವಂತ!

ಈಗ ಕಟ್ಟೋಣ. ಹನ್ನೊಂದು ದೋಣಿಗಳು, ಎರಡು ಚೌಕಟ್ಟುಗಳಿಗೆ ಒಂದರಂತೆ 12.2 ಸೆಂಟಿಮೀಟರ್ ಅಂತರದಲ್ಲಿ. ನೀರಿನ ತೊಟ್ಟಿ ಒಂದೂವರೆ ಮೀಟರ್ ಉದ್ದವಿರಬೇಕು. ಚೌಕಟ್ಟುಗಳ ಮೇಲಿನ ಮತ್ತು ಕೆಳಗಿನ ಪಟ್ಟಿಗಳಿಗೆ 1 ಮಿಲಿಮೀಟರ್ ಚಚ್ಚೌಕದ ಪ್ಲಾಸ್ಟಿಕ್ ಕಡ್ಡಿ ಸಾಕು. ಕೀಲಿನ ಗೂಟಗಳಿಗೆ ಗುಂಡುಸೂಜಿಯ ತುಂಡುಗಳು. ಹಾಸುಹಲಗೆಯನ್ನು ಉದ್ದಕ್ಕೂ ಒಂದೇ ಹಾಳೆಯಾಗಿ ಅಂಟಿಸಬಾರದು. ಹಾಗೆ ಮಾಡಿದರೆ ಅದೂ ಗುಟ್ಟಾಗಿ ತೊಲೆಯ ಕೆಲಸಕ್ಕೆ ತೊಡಗುತ್ತದೆ. ಅಡ್ಡಡ್ಡಲಾಗಿ ಬಿಡಿ ಪಟ್ಟಿಗಳನ್ನು ಜೋಡಿಸಬೇಕು. ಪ್ಲಾಸ್ಟಿಕ್ ಹಗುರವಾದುದರಿಂದ ಕೊರತೆಯಾಗುವ ತೂಕವನ್ನು ದೋಣಿಗಳ ತಳದಲ್ಲಿ ಸೀಸವಿಟ್ಟು 48 ಗ್ರಾಮಿಗೆ ಸರಿತೂಗಿಸಬೇಕು. ದೋಣಿಯ ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳನ್ನು ಎಳೆದಿಡಬೇಕು.

ಟ್ಯಾಂಕನ್ನು ನಡುವಿನ ದೋಣಿಯ ಮೇಲಕ್ಕೆ ಮೆಲ್ಲಗೆ ಸರಿಸಿ. ಈ ಅಳತೆಗಳಿಗೆ ಲೆಕ್ಕ ಹಾಕಿದರೆ ಆ ದೋಣಿ ಮೊದಲಿಗಿಂತ ಸುಮಾರು 5 ಮಿಲಿಮೀಟರ್ ಹೆಚ್ಚು ಇಳಿಯಬೇಕು; ತುದಿಯ ದೋಣಿಗಳು ಬಹು ಕಡಿಮೆ ಇಳಿಯುತ್ತವೆ. ಹಿತ್ತಾಳೆಯ ತೊಲೆಯಾಗಿದ್ದರೆ ಎಲ್ಲವೂ 2ರಿಂದ 3 ಮಿಲಿಮೀಟರ್ ಇಳಿದು ಸುಮ್ಮನಾಗುತ್ತಿದ್ದುವು. ಬಳಿಕ ಇನ್ನೊಂದು ಪ್ರಯೋಗ: ನಡುವಿನ ದೋಣಿಯ ಎರಡೂ ಬದಿಯ ಸಂದುಗಳಲ್ಲಿ ಮೇಲಿನ ಸೂಜಿಗಳನ್ನು ಮಾತ್ರ ಕಿತ್ತುಬಿಡಿ. ಮೇಲಿನ ಸಂದಿನಲ್ಲಿ ತುಸು ಎಡೆಯಿದ್ದರೆ ತೊಲೆ ಅಲ್ಲಿ ಬಾಗಿಲ ತಿರುಗಣಿಯಂತೆ ಮಡಿಯುತ್ತದೆ. ಟ್ಯಾಂಕನ್ನು ಹಿಡಿಯಲು ಕೈ ಸಿದ್ಧವಾಗಿರಲಿ. ದೋಣಿ ಮುಳುಗುವ ಅಂಚಿಗೆ ಬರಬಹುದು. ಒಂದು ಸೂಜಿಯ ಬೆಲೆ ಆಗ ತಿಳಿಯುತ್ತದೆ.

ಎರಡು ಎಚ್ಚರಿಕೆಗಳು ಉಳಿದಿವೆ. ದೋಣಿಯ ಸುತ್ತಳತೆ 55 ಸೆಂಟಿಮೀಟರ್. ಅದರ ಅಂಚಿಗೆ ಅಂಟುವ ನೀರು ಮೇಲ್ಮೈ ಎಳೆತದಿಂದ ಅದನ್ನು ಹೆಚ್ಚೆಂದರೆ 4 ಗ್ರಾಂ ತೂಕದಷ್ಟು ಕೆಳಕ್ಕೆ ಜಗ್ಗಬಲ್ಲುದು. ನೈಜ ದೋಣಿಗೆ ಇದು ಲೆಕ್ಕಕ್ಕೇ ಬಾರದು. ನಮ್ಮದಕ್ಕೆ ಅರ್ಧ ಮಿಲಿಮೀಟರಿನ ತಪ್ಪು. ನೀರಿಗೆ ಒಂದಿಷ್ಟು ಸಾಬೂನು ಬೆರೆಸಿದರೆ ಇದು ತಗ್ಗುತ್ತದೆ. ಎರಡನೆಯದು ಹೊಳೆಯ ಸೆಳೆತ. ಹಡಗುಗಳ ಪ್ರತಿಕೃತಿಗಳನ್ನು 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕೀಯ ತೊಟ್ಟಿಯಲ್ಲಿ ಪರೀಕ್ಷಿಸಿದ ವಿಲಿಯಂ ಫ್ರೂಡನು ತೋರಿಸಿಕೊಟ್ಟಂತೆ, ಅಲೆಗಳು ಸರಿಹೊಂದಬೇಕಾದರೆ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು. ಐವತ್ತರ ವರ್ಗಮೂಲ ಸುಮಾರು 7. ಸೆಕೆಂಡಿಗೆ 1.4 ಮೀಟರ್ ಹರಿಯುವ ನದಿಯನ್ನು ತೊಟ್ಟಿಯಲ್ಲಿ ತೋರಿಸಲು 20 ಸೆಂಟಿಮೀಟರ್ ವೇಗ ಸಾಕು.

ಹೀಗೆ ಉದ್ದಕ್ಕೆ 50, ವೇಗಕ್ಕೆ 7, ವಿಸ್ತೀರ್ಣಕ್ಕೆ 2,500, ತೂಕಕ್ಕೆ 1,25,000: ಒಂದೇ ಪ್ರತಿಕೃತಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಭಾಜಕ. ಯಾವುದಕ್ಕೆ ಯಾವುದೆಂದು ಅರಿತು ಕಟ್ಟಿದ ಪ್ರತಿಕೃತಿಯು ನದಿಗೆ ಇಳಿಯುವ ಮೊದಲೇ ನದಿಯ ಸಂಗತಿಯನ್ನು ನಮಗೆ ತಿಳಿಸಬಲ್ಲುದು.