ವಾಹನ ಚಾಲೂ ಮಾಡುವಾಗ ಬರುವ ವಾಸನೆ: ಅಲಕ್ಷಿಸಿದರೆ ನಷ್ಟ ನಿಶ್ಚಿತ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವರ್ತಕ ಬಂಧುಗಳಿಗೂ ಸಣ್ಣ ಉದ್ದಿಮೆದಾರರಿಗೂ ಸ್ವಂತ ವಾಹನವು ತಕ್ಕಡಿಯಷ್ಟೇ ಅಗತ್ಯವಾದ ಸಾಧನ. ಆದರೆ ತಕ್ಕಡಿಯ ಮೇಲಿರುವ ನಿಗಾ ವಾಹನದ ಮೇಲೆ ಇರುವುದಿಲ್ಲ. ಬೆಳಿಗ್ಗೆ ಚಾಲೂ ಮಾಡಿದಾಗ ಏನೋ ವಾಸನೆ ಬಂದರೂ, ಸ್ವಲ್ಪ ದೂರ ಹೋದರೆ ಸರಿಹೋಗುತ್ತದೆಂದು ಹೊರಟುಬಿಡುವುದೇ ವಾಡಿಕೆ.

ನನ್ನ ಕಕ್ಷಿದಾರರಾದ ಕಡಲೆಕಾಯಿ ವರ್ತಕರೊಬ್ಬರ ಅನುಭವವನ್ನು ಇಲ್ಲಿ ಹೇಳಬೇಕು. ಹಬ್ಬದ ರಜೆಯಲ್ಲಿ ಅವರ ಸರಕು ವಾಹನವು ಒಂದು ವಾರ ಗೋದಾಮಿನೊಳಗೆ ನಿಂತಿತ್ತು. ಚಾಲೂ ಮಾಡಿದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೂ ಚಾಲಕ ಮೂಟೆಗಳನ್ನು ಹೇರಿಕೊಂಡು ಹೊರಟ. ಕೊರಟಗೆರೆ ರಸ್ತೆಯಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತು. ಆತ ಕೂಡಲೇ ಬ್ಯಾಟರಿಯ ಸಂಪರ್ಕ ತಪ್ಪಿಸಿದ್ದರಿಂದ ಸರಕೂ ಜೀವವೂ ಉಳಿದವು. ಇಲಿಗಳು ಕಡಲೆಕಾಯಿ ಸಿಪ್ಪೆ ತಂದು ಇಂಜಿನ್ನಿನ ಪಕ್ಕದಲ್ಲೇ ಗೂಡು ಕಟ್ಟಿ ವೈರುಗಳನ್ನು ಕಡಿದಿದ್ದವು. ವರ್ಷಾಂತ್ಯದಲ್ಲಿ ಲೆಕ್ಕಪತ್ರ ಪರಿಶೀಲಿಸುವಾಗ ಮತ್ತೊಂದು ಸಂಗತಿ ಕಂಡಿತು. ಅದರ ಹಿಂದಿನ ತಿಂಗಳಲ್ಲೇ ಎರಡು ಬಾರಿ ಫ್ಯೂಸ್ ಕೊಂಡ ಖರ್ಚು ನಮೂದಾಗಿತ್ತು. ಎರಡನೆಯ ಬಾರಿ ಹೆಚ್ಚು ಆಂಪಿಯರಿನ ಫ್ಯೂಸ್ ಹಾಕಿಸಲಾಗಿತ್ತು. ಸುಟ್ಟುಹೋಗಬೇಕಾದ ಫ್ಯೂಸ್ ಉಳಿದು, ಉಳಿಯಬೇಕಾದ ವೈರು ಸುಟ್ಟಿತು.

ವಾಸನೆಯಿಂದ ದೋಷವನ್ನು ಗುರುತಿಸುವ ಬಗೆ

1. ಸುಟ್ಟ ಪ್ಲಾಸ್ಟಿಕ್: ಇದು ವೈರಿಂಗ್ ದೋಷದ ಸೂಚನೆ. ಇಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಮೆಕ್ಯಾನಿಕ್‌ರನ್ನು ಕರೆಸಬೇಕು. ಫ್ಯೂಸಿನ ಅಳತೆಯನ್ನು ಎಂದಿಗೂ ಹೆಚ್ಚಿಸಬಾರದು.

2. ಪೆಟ್ರೋಲ್: ಹಲವು ಬಾರಿ ಚಾಲೂ ಮಾಡಲು ಯತ್ನಿಸಿದಾಗ ಬರುವ ವಾಸನೆ ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಹೋಗದಿದ್ದರೆ ಕೊಳವೆಯಲ್ಲೋ ಟ್ಯಾಂಕಿನಲ್ಲೋ ಸೋರಿಕೆಯಿದೆ ಎಂದೇ ತಿಳಿಯಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಸ್ವಿಚ್ ಮುಟ್ಟದೆ, ಬೀಡಿ ಬೆಂಕಿಯನ್ನು ದೂರವಿಟ್ಟು, ವಾಹನವನ್ನು ಬಯಲಿಗೆ ತಳ್ಳಬೇಕು.

3. ಸಿಹಿ ವಾಸನೆ: ಕೂಲೆಂಟ್ ಸೋರುತ್ತಿದೆ. ಕೂಲೆಂಟ್ ಬದಲು ಕೊಳವೆಬಾವಿಯ ಗಡಸು ನೀರು ಸುರಿಯುವ ರೂಢಿ ನಮ್ಮ ಬಯಲುಸೀಮೆಯಲ್ಲಿದೆ. ಅದರ ಲವಣಗಳು ರೇಡಿಯೇಟರಿನೊಳಗೆ ಕಟ್ಟಿಕೊಂಡು ಇಂಜಿನ್ ಕಾಯುತ್ತದೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬಾರದು.

4. ಕೊಳೆತ ಮೊಟ್ಟೆ: ಬ್ಯಾಟರಿಗೆ ಅತಿಯಾಗಿ ಚಾರ್ಜ್ ಆಗುತ್ತಿರಬಹುದು. ಬ್ಯಾಟರಿ ಊದಿದ್ದರೆ ಅಥವಾ ತೀರ ಬಿಸಿಯಾಗಿದ್ದರೆ ಅದರ ಬಳಿ ಕಿಡಿ ಸಲ್ಲದು, ಹೊರಬರುವ ಜಲಜನಕ ಸ್ಫೋಟಿಸಬಲ್ಲದು. ಬ್ಯಾಟರಿ ಸರಿಯಿದ್ದರೆ ಪೆಟ್ರೋಲ್ ವಾಹನದ ಕ್ಯಾಟಲಿಟಿಕ್ ಕನ್ವರ್ಟರ್ ಪರೀಕ್ಷಿಸಬೇಕು.

5. ಸುಟ್ಟ ಎಣ್ಣೆ, ಸುಟ್ಟ ರಬ್ಬರ್: ಗ್ಯಾಸ್ಕೆಟ್ಟಿನಿಂದ ಸೋರಿದ ಎಣ್ಣೆ ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬೀಳುತ್ತಿರಬಹುದು. ಕಿರುಗುಟ್ಟುವ ಸದ್ದೂ ರಬ್ಬರ್ ವಾಸನೆಯೂ ಒಟ್ಟಿಗೆ ಬಂದರೆ ಬೆಲ್ಟ್ ಸಡಿಲವಾಗಿದೆ.

6. ಹೊಗೆಯ ವಾಸನೆ: ವಾಹನದೊಳಗೆ ಹೊಗೆ ನುಗ್ಗುತ್ತಿದ್ದರೆ ಸೈಲೆನ್ಸರ್ ಕೊಳವೆ ತೂತಾಗಿರಬಹುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ತನ್ನದೇ ವಾಸನೆಯಿಲ್ಲ, ಆದರೆ ಅದು ಪ್ರಾಣಾಂತಿಕ. ಬಾಗಿಲು ಮುಚ್ಚಿದ ಗೋದಾಮಿನೊಳಗೆ ಇಂಜಿನ್ ಓಡಿಸಬಾರದು.

ಏಸಿಯಿಂದ ಬರುವ ಮುಗ್ಗಲು ವಾಸನೆ ಮಾತ್ರ ಅಪಾಯದ್ದಲ್ಲ. ಫಿಲ್ಟರ್ ಬದಲಿಸಿ, ಊರು ತಲುಪುವ ಮುನ್ನ ಏಸಿ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿದರೆ ಸಾಕು.

ಲೆಕ್ಕಪತ್ರದ ದೃಷ್ಟಿಯಿಂದ

ವಾಹನ ವಿಮೆಯ ಸಾಮಾನ್ಯ ಷರತ್ತುಗಳಲ್ಲಿ ಬೆಂಕಿಯಿಂದಾಗುವ ಹಾನಿಗೆ ರಕ್ಷಣೆಯಿದೆ. ಆದರೆ ಸವಕಳಿಗೂ, ಯಾಂತ್ರಿಕ ಅಥವಾ ವಿದ್ಯುತ್ ಕೆಡುಕಿಗೂ ಪರಿಹಾರವಿಲ್ಲ. ಆದುದರಿಂದ ವಾಸನೆ ಬಂದ ದಿನವೇ ದುರಸ್ತಿ ಮಾಡಿಸುವುದು ಲಾಭಕರ. ತೆರಿಗೆಗೆ ಒಳಪಟ್ಟ ಸರಕಿನ ವ್ಯವಹಾರ ಮಾಡುವ, ರಾಜಿ ತೆರಿಗೆ ಪದ್ಧತಿಯಲ್ಲಿರದ ನೋಂದಾಯಿತ ವರ್ತಕರು ಸರಕು ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಸ್ವಂತ ಓಡಾಟದ ಕಾರಿಗೆ ಈ ಸೌಲಭ್ಯವಿಲ್ಲ. ಒಬ್ಬರಿಗೆ ಒಂದೇ ದಿನ ರೂ. 10,000ಕ್ಕೂ ಮೀರಿ ನಗದು ಪಾವತಿಸಿದರೆ ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಒಪ್ಪಲಾಗುವುದಿಲ್ಲ. ಬಿಲ್ ಪಡೆದು ಬ್ಯಾಂಕ್ ಮೂಲಕ ಪಾವತಿಸಿ.

ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು, ವಾಸನೆ ಬಂದ ದಿನಾಂಕ, ಅದರ ಬಗೆ, ಕೈಗೊಂಡ ಕ್ರಮ ಇವಿಷ್ಟನ್ನು ಚಾಲಕನಿಂದಲೇ ಬರೆಸಿರಿ. ವಾಹನವನ್ನು ಮೂಟೆಗಳಿಂದ ದೂರ ನಿಲ್ಲಿಸಿರಿ. ಕೆಲವು ದಿನ ನಿಂತ ವಾಹನವನ್ನು ಬಾನೆಟ್ ತೆರೆದು ನೋಡದೆ ಚಾಲೂ ಮಾಡದಿರಿ. ಮೇಲೆ ಹೇಳಿದ ವರ್ತಕರು ಈಗ ಇದನ್ನೆಲ್ಲ ತಪ್ಪದೆ ಪಾಲಿಸುತ್ತಿದ್ದಾರೆ. ಅಂದು ಚಾಲಕ ಸಮಯಕ್ಕೆ ಎಚ್ಚೆತ್ತದ್ದರಿಂದ ಅವರಿಗೆ ಈ ಪಾಠ ಒಂದು ದುರಸ್ತಿ ಬಿಲ್ಲಿನ ಬೆಲೆಗೇ ದೊರೆಯಿತು. ಎಲ್ಲರಿಗೂ ಅಷ್ಟು ಅಗ್ಗವಾಗಿ ದೊರೆಯುವುದಿಲ್ಲ.